ಪಂಕಜಳ ಡ್ರಾಯರಿನ ಪಟ್ಟಿಗಳು

ದಿಬ್ಬೂರಹಳ್ಳಿಯ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಪಂಕಜಳ ಬೆರಳುಗಳು ಮೊದಲು ಸೀಮೆಸುಣ್ಣವನ್ನು ಕೈಬಿಟ್ಟವು, ಆಮೇಲೆ ಸೆರಗಿನ ಪಿನ್ನನ್ನು. ನರಗಳು ಸೊರಗುತ್ತಾ ಹೋಗುವ ಕಾಯಿಲೆ, ವಾಸಿಯಾಗುವುದಿಲ್ಲ ಎಂದು ಬೆಂಗಳೂರಿನ ಡಾಕ್ಟರು ಮೆಲ್ಲಗೆ ಹೇಳಿ ಕಳಿಸಿದ್ದರು.

ಶಿಡ್ಲಘಟ್ಟದ ಮನೆಯಲ್ಲಿ ಒಂದು ಬೆಳಿಗ್ಗೆ ಗಂಡ ರಘುನಂದನ್ ಕೋಣೆಗೆ ಬಂದಾಗ, ಅವಳು ಮಂಡಿಯೂರಿ ಡ್ರಾಯರಿನ ದುಂಡನೆಯ ಸ್ಟೀಲ್ ನಾಬನ್ನು ಹಲ್ಲಿನಲ್ಲಿ ಕಚ್ಚಿ ಎಳೆಯುತ್ತಿದ್ದಳು. ಅವನನ್ನು ಕಂಡು ಮುಖ ತಿರುಗಿಸಿದಳು.

"ಬಾಚಣಿಗೆ ಬೇಕಿತ್ತು."

"ಕರೀಬಾರ್ದಾ?"

"ಎಷ್ಟಕ್ಕೇಂತ ಕರೀಲಿ?"

ಆ ಭಾನುವಾರ ರಘುನಂದನ್ ತನ್ನ ಹಳೆಯ ಬೆಲ್ಟನ್ನೂ ಮಗಳು ಅಕ್ಷಯಾಳ ಹರಿದ ಸ್ಕೂಲ್ ಬ್ಯಾಗಿನ ಪಟ್ಟಿಗಳನ್ನೂ ಹುಡುಕಿ ತೆಗೆದ. ಹಾರ್ಡ್‌ವೇರ್ ಅಂಗಡಿಯಿಂದ ಒಂದಿಷ್ಟು ಸ್ಕ್ರೂ, ವಾಷರ್ ತಂದ. ಗುಮಾಸ್ತನಾದ ಅವನು ಅಲ್ಲಿಯವರೆಗೆ ಗೋಡೆಗೆ ಒಂದು ಮೊಳೆಯನ್ನೂ ನೆಟ್ಟಗೆ ಹೊಡೆದವನಲ್ಲ. ನಾಬುಗಳನ್ನು ಬಿಚ್ಚಿ, ಪಟ್ಟಿಯನ್ನು ಮಡಿಸಿ, ಎರಡು ತುದಿಗಳನ್ನೂ ಅದೇ ತೂತಿಗೆ ಸೇರಿಸಿ ಬಿಗಿದ. ಮೊದಲನೆಯದು ಸೊಟ್ಟಗಾಯಿತು, ಬಿಚ್ಚಿ ಮತ್ತೆ ಹಾಕಿದ. ಡ್ರಾಯರು ಸಲೀಸಾಗಿ ಜಾರಲೆಂದು ಅಡಿಯ ಮರಕ್ಕೆ ಮೇಣದಬತ್ತಿ ಉಜ್ಜಿದ.

"ಇದೇನ್ರೀ, ಬಸ್ಸಲ್ಲಿ ಹಿಡ್ಕೊಂಡು ನೇತಾಡೋದು ಇದ್ದಂಗಿದೆ!" ಪಂಕಜ ನಕ್ಕಳು. ಮಣಿಕಟ್ಟನ್ನು ಪಟ್ಟಿಯೊಳಗೆ ತೂರಿಸಿ ಹಿಂದಕ್ಕೆ ವಾಲಿದಳು. ಡ್ರಾಯರು ತೆರೆದುಕೊಂಡಿತು. ಅಂದು ಸಂಜೆಯವರೆಗೂ, ಏನೂ ಬೇಕಿಲ್ಲದಿದ್ದರೂ, ಒಂದೊಂದನ್ನೇ ತೆರೆದು ಮುಚ್ಚುತ್ತಿದ್ದಳು.

ಮಳೆಗಾಲ ಕಳೆಯುವಷ್ಟರಲ್ಲಿ ತೋಳಿನ ಬಲವೂ ಹೋಯಿತು. ರಘುನಂದನ್ ಸುಮ್ಮನಾಗಲಿಲ್ಲ. ಪಟ್ಟಿಗಳನ್ನು ಉದ್ದ ಮಾಡಿದ. ಕೆಳಗಿನ ಡ್ರಾಯರಿಗೆ ಕಾಲು ತೂರಿಸುವಷ್ಟು ದೊಡ್ಡ ಕುಣಿಕೆ ಹಾಕಿದ. ಕಚೇರಿಯಿಂದ ಬಂದವನೇ ಸ್ಕ್ರೂಡ್ರೈವರ್ ಹಿಡಿದು ಅವಳಿಗೆ ಬೆನ್ನು ಹಾಕಿ ಕೂರುತ್ತಿದ್ದ.

"ರೀ, ಸಾಕು ಬಿಡಿ," ಎಂದಳು ಒಂದು ದಿನ. ಮಾತೂ ತೊದಲುತ್ತಿತ್ತು. "ಇನ್ನು ಅದನ್ನೆಲ್ಲ ನೀವೇ ತೆಗೀರಿ. ಯಾವಾಗ್ಲೂ ನಿಮ್ಮ ಬೆನ್ನೇ ನೋಡ್ತಿರ್ಬೇಕಾ ನಾನು? ಬನ್ನಿ, ಇಲ್ಲಿ ಕೂತ್ಕೊಳ್ಳಿ."

ಅವನು ಹತ್ತಿರ ಬಂದು ಕುಳಿತ. ಅವಳ ಮಡಿಲಿಗೆ ಮುಖವಿಟ್ಟು ಅತ್ತುಬಿಟ್ಟ. ತಲೆ ಸವರಲು ಅವಳ ಕೈ ಏಳಲಿಲ್ಲ. "ಅಳಿ, ಪರವಾಗಿಲ್ಲ," ಎಂದಳು.

ಅಂದಿನಿಂದ ಅವನೇ ತಲೆ ಬಾಚಿದ, ತುತ್ತು ಮಾಡಿ ತಿನ್ನಿಸಿದ. ನೈಟಿ ಬೇಡವೆಂದು ಹಟ ಹಿಡಿದವಳಿಗೆ ದಿನಾ ಸೀರೆ ಉಡಿಸಿದ. ತಪ್ಪಾದರೆ ಶಾಲೆಯ ಮಕ್ಕಳನ್ನು ಗದರಿದಂತೆ ಅವನನ್ನೂ ಗದರುತ್ತಿದ್ದಳು. ಮಾತು ಪೂರ್ತಿ ನಿಂತ ಮೇಲೆ ಕಣ್ಣಿನಲ್ಲೇ ಗದರಿದಳು.

ಮಾಘದ ಚಳಿಯಲ್ಲಿ ಒಂದು ಬೆಳಗಿನ ಜಾವ ಅವಳ ಉಸಿರು ನಿಂತಿತು. ನೆಂಟರು ಸೇರಿದರು. ಅಕ್ಷಯಾ ಬೀರುವಿನ ಮುಂದೆ ನಿಂತು, "ಅಪ್ಪಾ, ಅಮ್ಮಂಗೆ ಯಾವ್ದು ಉಡ್ಸೋದು?" ಎಂದಳು.

ರಘುನಂದನ್ ಎದ್ದು ತಿಳಿಹಸಿರು ಕಾಟನ್ ಸೀರೆ ತೆಗೆದುಕೊಟ್ಟ. ಒಳಕೋಣೆಯಲ್ಲಿ ಹೆಂಗಸರು ಅದರ ಮಡಿಕೆ ಬಿಡಿಸುತ್ತಿದ್ದಾಗ ಬಾಗಿಲಾಚೆಯಿಂದ ಹೇಳಿದ:

"ನೆರಿಗೆ ಸಣ್ಣಕ್ಕೆ ಹಿಡೀರಮ್ಮ. ದಪ್ಪ ಹಿಡಿದ್ರೆ ಬೈತಾಳೆ."