ಏಳನೇ ತಿರುವಿನ ಹೊಟ್ಟೆ

ನೆಲದಾಳದ ಹಬೆಯಿಂದ ಕರೆಂಟು ಮಾಡುವ ತೌಪೋದ ಹಬೆ ಬಯಲಿನಲ್ಲಿ ಎರಡು ಕೊಳವೆಗಳು ಅಕ್ಕಪಕ್ಕದಲ್ಲೇ ಗುಡ್ಡ ಇಳಿಯುತ್ತವೆ. ಒಂದು ವಾರ ಒಂದಕ್ಕೆ ಕೆಲಸ, ಇನ್ನೊಂದಕ್ಕೆ ರಜೆ. ಮೊದಲೆಲ್ಲ ಎರಡೂ ವರ್ಷಗಟ್ಟಲೆ ಬಿಸಿಯಾಗಿಯೇ ಇರುತ್ತಿದ್ದವು. ಕರೆಂಟಿನ ದರ ನೋಡಿಕೊಂಡು ಹಬೆ ಬಿಡುವ ಹೊಸ ಜಾಣತನ ಬಂದ ಮೇಲೆ ಈ ಪಾಳಿ ಶುರುವಾಗಿದ್ದು. ಆ ಜಾಣತನ ಯಾರದೆಂದು ಕೇಳಿದರೆ ಆಫೀಸಿನಲ್ಲಿ ಎಲ್ಲರೂ ಕಿಟಕಿಯಾಚೆ ನೋಡುತ್ತಾರೆ.

ಸೋಮವಾರ ಬೆಳಿಗ್ಗೆ ಮರ್ಡೋ ತನ್ನ ಕೋಣೆಯಿಂದ ತಲೆ ಹೊರಗೆ ಹಾಕಿದ. ಹಬೆ ಬಯಲಿಗೆಲ್ಲ ಅವನೇ ಮೇಲಧಿಕಾರಿ.

"ಹಿನೆವೈ, ಏಳನೇ ತಿರುವಿನ ಗುಣಕ ಒಂದ್ಸಲ ಕೈಯಲ್ಲಿ ಹಾಕ್ಬಿಡಮ್ಮ. ಕಂಪ್ಯೂಟರ್ ಎಲ್ಲಾ ಸರಿ ಅಂದಿದೆ. ಮಧ್ಯಾಹ್ನ ಒಂದನೇ ಕೊಳವೆಗೆ ಹಬೆ ಬಿಡ್ಬೇಕು."

ಕೊಳವೆಗಳ ಲೆಕ್ಕ ನೋಡುವ ಹಿನೆವೈ ಪೆನ್ಸಿಲ್ ಚೂಪು ಮಾಡಿಕೊಂಡಳು. ಈ ಲೆಕ್ಕ ಅವಳಿಗೆ ನೀರು ಕುಡಿದಷ್ಟು ಸಲೀಸು. ನೆಟ್ಟಗಿರುವ ಕೊಳವೆ ಬಿಸಿಯಾಗಿ ಹಿಗ್ಗಿದರೆ ಆ ಎಳೆತವನ್ನು ಮೈತುಂಬ ಹಂಚಿಕೊಳ್ಳುತ್ತದೆ. ತಿರುವಿನಲ್ಲಿ ಹಾಗಲ್ಲ. ಅಲ್ಲಿ ಕೊಳವೆಯ ದುಂಡು ಮೈ ಮೊಟ್ಟೆಯಂತೆ ಚಪ್ಪಟೆಯಾಗಿ, ಎಳೆತ ಒಂದೇ ಕಡೆ ಹಲವು ಪಟ್ಟು ಏರುತ್ತದೆ. ಎಷ್ಟು ಪಟ್ಟು ಎನ್ನುವುದೇ ಗುಣಕ. ಗೋಡೆಯ ದಪ್ಪವನ್ನು ತಿರುವಿನ ತ್ರಿಜ್ಯದಿಂದ ಗುಣಿಸಬೇಕು, ಕೊಳವೆಯ ತ್ರಿಜ್ಯದ ವರ್ಗದಿಂದ ಭಾಗಿಸಬೇಕು. ಬಂದದ್ದು ಚಿಕ್ಕದಾದಷ್ಟೂ ಗುಣಕ ದೊಡ್ಡದು. ಒಂಬತ್ತೂವರೆ ಮಿಲಿಮೀಟರ್ ದಪ್ಪಕ್ಕೆ ಮೂರೂಮುಕ್ಕಾಲು ಬಂತು. ಕಂಪ್ಯೂಟರ್ ಹೇಳಿದ್ದೂ ಅಷ್ಟೇ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಇಷ್ಟು ವರ್ಷ ದುಡಿದ ತಿರುವು ಹೊಸದರಷ್ಟೇ ದಪ್ಪ ಇದೆ ಎಂಬುದು ಅವಳಿಗೆ ಯಾಕೋ ಹಿಡಿಸಲಿಲ್ಲ. ರೇಡಿಯೋ ಎತ್ತಿ ಅಣ್ಣನನ್ನು ಕರೆದಳು. ರೇವಿ ಕೊಳವೆ ಕಾಯುವವನು. ಹಬೆ ಬಿಡುವಾಗಲೂ ಆರಿಸುವಾಗಲೂ ತಿರುವಿನ ಬಳಿಯೇ ನಿಂತು, ಒಳಗೆ ಕಟ್ಟಿದ ನೀರನ್ನು ಹೊರಬಿಡುವ ನಲ್ಲಿ ತಿರುಗಿಸುವುದು ಅವನ ಕೆಲಸ.

"ಅಣ್ಣ, ದಪ್ಪ ಎಲ್ಲಿ ಅಳೆದೆ?"

"ಇನ್ನೆಲ್ಲೇ? ತಿರುವಿನ ಬೆನ್ನ ಮೇಲೆ. ಅಪ್ಪ ಅಳೀತಿದ್ದ ಜಾಗದಲ್ಲೇ. ಹಬೆ ಜೊತೆ ಬರೋ ಮರಳು ಬಡಿಯೋದು ಅಲ್ಲೇ ಅಲ್ವಾ?"

ಹಿನೆವೈ ಪೆನ್ಸಿಲ್ ಕೆಳಗಿಟ್ಟಳು. ಮರಳು ಬಡಿಯುವುದು ಬೆನ್ನಿಗೆ, ಅಂದರೆ ತಿರುವಿನ ಹೊರಬಾಗಿಗೆ, ನಿಜ. ಆದರೆ ಗುಣಕದ ಎಳೆತ ಬೀಳುವುದು ಬೆನ್ನ ಮೇಲಲ್ಲ, ಎರಡು ಪಕ್ಕೆಗಳಲ್ಲಿ. ಏಳನೇ ತಿರುವು ನೆಲಕ್ಕೆ ಸಮನಾಗಿ ಮಲಗಿದೆ. ಅಂದರೆ ಅದರ ಒಂದು ಪಕ್ಕೆ ಆಕಾಶಕ್ಕೆ, ಇನ್ನೊಂದು ನೆಲಕ್ಕೆ. ನೆಲದ ಕಡೆಯ ಪಕ್ಕೆಯಲ್ಲಿ, ಕೊಳವೆ ರಜೆಯಲ್ಲಿದ್ದಾಗಲೆಲ್ಲ, ಬಸಿಯದೆ ಉಳಿದ, ಆಮ್ಲ ಬೆರೆತ ಹುಳಿ ನೀರು ನಿಂತು ಕಬ್ಬಿಣ ತಿನ್ನುತ್ತದೆ.

"ಅಣ್ಣ, ಹೊದಿಕೆ ಬಿಚ್ಚಿ ಅದರ ಹೊಟ್ಟೆ ನೋಡು."

"ಹೊಟ್ಟೆ ನೋಡೋಕೆ ನಾನೇನು ಡಾಕ್ಟ್ರಾ?"

"ತಮಾಷೆ ಬೇಡ. ಕೆಳಗೆ ಮಲಗಿ ಅಳಿ."

ಮರ್ಡೋ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ. "ನಾನು ಇಲ್ಲಿ ಸೇರಿದಾಗಿಂದ ಬೆನ್ನೇ ಅಳೀತಿದ್ದೀವಿ ಕಣಮ್ಮ," ಎಂದ.

"ಆಗ ಕೊಳವೆ ಯಾವತ್ತೂ ಆರ್ತಿರ್ಲಿಲ್ಲ. ಸವೆಯೋ ಜಾಗ ಬದಲಾಗಿದೆ, ನಾವು ಬದಲಾಗಿಲ್ಲ."

ಮರ್ಡೋ ಕೆಟ್ಟವನಲ್ಲ. ಕೆನ್ನೆ ಕೆರೆದುಕೊಂಡು ರೇಡಿಯೋ ಹತ್ತಿರ ಬಂದ.

ರೇಡಿಯೋದಲ್ಲಿ ತಗಡು ಕಿತ್ತ ಸದ್ದು, ಆಮೇಲೆ ರೇವಿ ಏದುಸಿರು ಬಿಡುವುದು ಕೇಳಿಸಿತು. "ಮೀಟರ್ ಕೆಟ್ಟಿದೆ ಅನ್ಸುತ್ತೆ ಕಣೆ. ಆರು ತೋರಿಸ್ತಿದೆ." ಸ್ವಲ್ಪ ತಡೆದು, "ಇಲ್ಲ, ಕೆಟ್ಟಿಲ್ಲ. ಪಕ್ಕದಲ್ಲಿ ಇಟ್ರೂ ಆರೇ," ಎಂದ. ಈಗ ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

ಹಿನೆವೈ ಆರನ್ನು ಇಟ್ಟು ಮತ್ತೆ ಲೆಕ್ಕ ಹಾಕಿದಳು. ಗುಣಕ ಐದು ದಾಟಿತು. ತೆಳುವಾದ ಗೋಡೆ, ಅದರ ಮೇಲೆ ಏರಿದ ಎಳೆತ, ಅದೂ ವಾರಕ್ಕೊಮ್ಮೆ. ಇಂಥ ತಿರುವು ಒಳಗಿನಿಂದ ಉದ್ದಕ್ಕೆ ಸೀಳುತ್ತದೆ. ಹೊರಗೆ ನಿಂತವನಿಗೆ ಸುಳಿವೇ ಸಿಗುವುದಿಲ್ಲ.

"ಮಧ್ಯಾಹ್ನದ ಹಬೆ ಬೇಡ," ಎಂದಳು.

"ಬೇಡ ಅಂದ್ರೆ ಬೇಡ," ಎಂದ ಮರ್ಡೋ. ಅವಳ ಎದೆಯ ಭಾರ ಇಳಿದಂತಾಯಿತು. ಅಣ್ಣ ಇವತ್ತು ಆ ತಿರುವಿನ ಪಕ್ಕ ನಿಲ್ಲಬೇಕಿಲ್ಲ ಎಂದುಕೊಂಡಳು. ಅಷ್ಟರಲ್ಲಿ ರೇವಿ ಮತ್ತೆ ಮಾತಾಡಿದ.

"ಮುಗೀತಲ್ಲ? ಇಲ್ಲಿ ಬೆವರು ಕಿತ್ಕೊಂಡು ಬರ್ತಿದೆ. ಎರಡನೇ ಕೊಳವೆ ಕಾವು ಬೆನ್ನಿಗೆ ಹೊಡೀತಿದೆ."

ಎರಡನೇ ಕೊಳವೆ. ಅದೇ ವರ್ಷದ್ದು, ಅದೇ ತಿರುವು, ಅದೇ ಪಾಳಿ, ಅದೇ ನೀರು. ಅದರ ಹೊಟ್ಟೆಯನ್ನೂ ಯಾರೂ ನೋಡಿಲ್ಲ. ಈಗ ಅದರ ತುಂಬ ಹಬೆ ಇದೆ. ಅದರಿಂದ ಒಂದು ಮಾರು ದೂರದಲ್ಲಿ ತನ್ನ ಅಣ್ಣನನ್ನು ಮಲಗಿಸಿದವಳು ತಾನೇ.

"ಅಣ್ಣ, ಈಗ್ಲೇ ಎದ್ದು ಬಾ. ಸಾಮಾನು ಬಿಟ್ಟು ಬಾ."

ಅವಳ ದನಿ ಕೇಳಿ ಅವನು ಎದುರಾಡಲಿಲ್ಲ. ಕಲ್ಲಿನ ಮೇಲೆ ಬೂಟಿನ ಸದ್ದಾಯಿತು. ಕೊನೆಗೆ ಪಿಕಪ್ಪಿನ ಬಾಗಿಲು ಹಾಕಿಕೊಂಡಿತು. "ಬಂದೆ ಕಣೆ, ಗುಡ್ಡ ಇಳಿದೆ. ಅಳ್ಬೇಡ," ಎಂದ. ಅವಳು ನಿಜವಾಗಿಯೂ ಅಳುತ್ತಿದ್ದಳು.

ಕಣ್ಣೊರೆಸಿಕೊಂಡು ತಿರುಗಿದಾಗ ಮರ್ಡೋ ಫೋನ್ ಕೆಳಗಿಡುತ್ತಿದ್ದ. "ಎರಡನೆಯದನ್ನೂ ಆರಿಸೋಕೆ ಹೇಳಿದೆ. ಹಬೆ ಬರೋ ಬಾವಿ ಮುಚ್ಚಿದ್ರು. ಇನ್ನು ಭಯ ಇಲ್ಲ."

"ಅಯ್ಯೋ ಮರ್ಡೋ, ಅದು ಆರುವಾಗ್ಲೂ ಕುಗ್ಗಿ ಎಳೆಯುತ್ತೆ. ದೂರದಿಂದ ಕಾವಲು ಹಾಕಿ ಬಿಸಿಯಾಗೇ ಇಡ್ಬೇಕಿತ್ತು. ಈಗ ಒಳಗೆ ನೀರು ಕಟ್ಟುತ್ತೆ. ಉಳಿದ ಹಬೆ ಆ ನೀರನ್ನ ತಳ್ಕೊಂಡು ಬಂದು ತಿರುವಿಗೆ ಅಪ್ಪಳಿಸುತ್ತೆ."

"ಮತ್ತೆ ಹಬೆ ಬಿಡು ಅನ್ಲಾ?"

"ತಣ್ಣಗಾಗ್ತಿರೋ ನೀರಿನ ಮೇಲಾ? ಅದು ಇನ್ನೂ ಕೆಟ್ಟದ್ದು."

ರೇಡಿಯೋದ ಮಾತಾಡುವ ಗುಂಡಿಯನ್ನು ಅವಳು ಅರಿವಿಲ್ಲದೆ ಒತ್ತಿ ಹಿಡಿದಿದ್ದಳು, ಇಷ್ಟನ್ನೂ ರೇವಿ ಕೇಳಿಸಿಕೊಂಡಿದ್ದ. ಅವಳು ಬೆರಳೆತ್ತಿದ್ದೇ ತಡ, ಅವನ ದನಿ ಬಂತು.

"ನೀರು ಬಿಡದಿದ್ರೆ ತಿರುವು ಹೋಗುತ್ತೆ, ಅಲ್ವಾ? ಅದರ ಕೆಳಗೇ ಊರಿನ ರಸ್ತೆ. ಸ್ಕೂಲ್ ಬಸ್ಸು ಬರೋ ಹೊತ್ತು."

"ನೀನು ಹೋಗ್ಬೇಡ. ನಾನು ಬರ್ತೀನಿ, ರಸ್ತೆ ಮುಚ್ಚಿಸೋಣ."

"ನೀನಾಗ್ಲಿ ನಾನಾಗ್ಲಿ ಆ ರಸ್ತೆಗೆ ಸುತ್ತಿ ಹೋಗೋಷ್ಟ್ರಲ್ಲಿ ಬಸ್ಸು ತಿರುವಿನ ಕೆಳಗೆ ಬಂದಿರುತ್ತೆ. ನಲ್ಲಿ ತಿರುಗಿಸೋದು ಎಷ್ಟೊತ್ತಿನ ಕೆಲ್ಸ ಹೇಳು."

ಹಿನೆವೈ ಅವನ ಹೆಸರು ಹಿಡಿದು ಕೂಗಿದಳು. ಪಿಕಪ್ಪು ತಿರುಗಿ ಗುಡ್ಡ ಹತ್ತುವ ಸದ್ದು ಕೇಳಿಸಿತು.