ಪ್ಯಾಸೆಂಜರ್ ಊಳಿಡುವ ಹೊತ್ತು

ನಾಯಿ ನಮ್ಮ ಮನೆಗೆ ಬಂದು ಒಂಬತ್ತು ದಿನವಾಗಿತ್ತು. ಒಂಬತ್ತು ದಿನವೂ ಅದು ಬಾಗಿಲ ಬಳಿಯೇ ಕೂತಿತ್ತು. ಮುಂದಿನ ಸ್ಟಾಪಿನಲ್ಲಿ ಇಳಿಯುವವರು ಗುಂಪಿನ ನಡುವೆ ನುಗ್ಗಿಕೊಂಡು ಬಂದು ಬಾಗಿಲಿಗೇ ಅಂಟಿಕೊಳ್ಳುತ್ತಾರಲ್ಲ, ಹಾಗೆ. ನನ್ನ ಯಜಮಾನರು ಬಸ್ ಕಂಡಕ್ಟರ್. ಮೊದಲ ದಿನವೇ ಅದಕ್ಕೆ ಪ್ಯಾಸೆಂಜರ್ ಎಂದು ಹೆಸರಿಟ್ಟರು.

“ಒಳಗೆ ನಡಿಯಪ್ಪಾ, ಒಳಗೆಲ್ಲಾ ಖಾಲಿ ಇದೆ,” ಎನ್ನುತ್ತಾ ಅದನ್ನು ದಾಟಿಕೊಂಡು ಹೊರಗೆ ಹೋಗುವರು. ಅದು ಕದಲುತ್ತಿರಲಿಲ್ಲ.

ಏಳು ವರ್ಷದ ನಾಯಿ, ಒಂದು ಕಿವಿ ಹರಿದಿದೆ. ನಮಗಿಂತ ಮುಂಚೆ ಮೂರು ಮನೆಯವರು ಕರೆದುಕೊಂಡು ಹೋಗಿ, ಮೂವರೂ ವಾಪಸ್ ತಂದು ಬಿಟ್ಟಿದ್ದರಂತೆ. “ಇದು ನಾಲ್ಕನೇ ಸಲ. ಈಗಲೂ ವಾಪಸ್ ಬಂದ್ರೆ ಇನ್ಯಾರೂ ಇದನ್ನ ಕೇಳಲ್ಲಮ್ಮ. ಇಲ್ಲೇ ಸಿಮೆಂಟ್ ನೆಲದ ಮೇಲೆ ಮುದಿಯಾಗತ್ತೆ,” ಎಂದಿದ್ದಳು ದಿಕ್ಕಿಲ್ಲದ ನಾಯಿಗಳ ಆಶ್ರಯಧಾಮ ನೋಡಿಕೊಳ್ಳುವ ಹೆಂಗಸು. ಹೊರಡುವಾಗ ಇನ್ನೊಂದು ಮಾತು ಹೇಳಿದಳು: “ನೀವು ಹಾಕ್ಕೊಳ್ಳೋ ಅಂಗಿ ಒಂದನ್ನ ಇದರ ಹಾಸಿಗೆ ಮೇಲೆ ಹಾಕಿ. ನಿಮ್ಮ ವಾಸನೆಗೆ ಒಗ್ಗಿಕೊಳ್ಳತ್ತೆ.”

ಹಾಕಿದೆ. ದಿನವೂ ತಪ್ಪದೆ ಒಂದು ಹಾಕಿದೆ. ನಾಯಿ ಆ ಹಾಸಿಗೆಯ ಹತ್ತಿರವೂ ಸುಳಿಯಲಿಲ್ಲ.

ನಾನು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹದಿನೆಂಟು ವರ್ಷದಿಂದ ದುಡಿಯುತ್ತಿದ್ದೇನೆ. ಬೆಳಿಗ್ಗೆ ಆರಕ್ಕೆ ಹೊರಟರೆ ಮನೆ ಸೇರುವುದು ಮಧ್ಯಾಹ್ನ ಮೂರಕ್ಕೆ. ಯಜಮಾನರು ಎರಡನೇ ಪಾಳಿಗೆ ಒಂದೂವರೆಗೆ ಹೊರಡುತ್ತಾರೆ. ನಡುವಿನ ಒಂದೂವರೆ ಗಂಟೆ ನಾಯಿ ಒಂಟಿ. ಅಷ್ಟು ಹೊತ್ತೂ ಊಳಿಡುತ್ತಿತ್ತು. ರೇಡಿಯೋ ಹಾಕಿಟ್ಟು ನೋಡಿದೆವು, ರೇಡಿಯೋ ಜೊತೆ ಸೇರಿಕೊಂಡು ಊಳಿಟ್ಟಿತು. ಪಾಳಿ ಬದಲಿಸಿ ಎಂದು ಸೂಪರ್‌ವೈಸರ್ ಹತ್ತಿರ ಕೇಳಿಕೊಂಡೆ. “ನಿನ್ನ ನಾಯಿಗೋಸ್ಕರ ರೋಗಿಗಳು ಬರಿ ಮಂಚದ ಮೇಲೆ ಮಲಗ್ಬೇಕೇನಮ್ಮ?” ಎಂದರು.

ಕೆಳಗಿನ ಮನೆಯಲ್ಲಿರುವುದು ಪಿಟೀಲು ಮೇಷ್ಟ್ರು. ಮನೆಯ ಮಾಲೀಕರೂ ಅವರೇ. ಎರಡು ಗಂಟೆಗೆ ಅವರ ಪಾಠ. ಬುಧವಾರ ಮೆಟ್ಟಿಲ ಬಳಿ ನನ್ನನ್ನು ತಡೆದರು.

“ಮೊದಲ್ನೇ ದಿನ ಆ ಕನ್ನಡಕದ ಹುಡುಗಿಗೆ ಬೈದುಬಿಟ್ಟೆ ಕಣಮ್ಮ, ಏನಿದು ಅಪಸ್ವರ ಅಂತ. ಪಾಪ, ಅವಳಿನ್ನೂ ಕಮಾನೇ ಎತ್ತಿರ್ಲಿಲ್ಲ.”

“ತಪ್ಪಾಯ್ತು ಮೇಷ್ಟ್ರೇ.”

“ಇಬ್ರು ಪಾಠ ಬಿಟ್ಟು ಹೋದ್ರು. ನನಗೂ ಹೊಟ್ಟೆಪಾಡು. ಭಾನುವಾರದ ತನಕ ನೋಡ್ತೀನಿ. ಆಮೇಲೆ ಒಂದೋ ನಾಯಿ ವಾಪಸ್ ಹೋಗ್ಲಿ, ಇಲ್ಲಾ ನೀವೇ ಬೇರೆ ಮನೆ ನೋಡ್ಕೊಳ್ಳಿ.”

ಹೀಗೆ ಖಡಾಖಂಡಿತ ಮಾತಾಡಿ ಅಭ್ಯಾಸವಿಲ್ಲದ ಮನುಷ್ಯ. ಹೇಳಿದ ಮೇಲೆ ಅವರಿಗೇ ಮುಖ ಸಪ್ಪಗಾಯಿತು.

ಶುಕ್ರವಾರ ಆಸ್ಪತ್ರೆಯಲ್ಲಿ ಬಟ್ಟೆ ಹಿಂಡುವ ಯಂತ್ರ ಎರಡೂ ಕೆಟ್ಟು ಕೂತವು. ನೀರು ಕುಡಿದು ಕಲ್ಲಾದ ಹಾಸುಬಟ್ಟೆಗಳನ್ನು ಇಬ್ಬಿಬ್ಬರು ಸೇರಿ ಕೈಯಲ್ಲೇ ಹಿಂಡಿದೆವು. ಮೇಲಿನ ಗೌನನ್ನು ಅಲ್ಲೇ ಕಳಚಿ ಬರುತ್ತೇವೆ, ಒಳಗಿನ ಹತ್ತಿ ಅಂಗಿ ಮಾತ್ರ ನಮ್ಮದು. ಅದು ಬೆವರಿಗೆ ಬೆನ್ನಿಗೆ ಅಂಟಿಹೋಗಿತ್ತು. ದಿನವೂ ಮನೆಗೆ ಬಂದವಳು ಚಪ್ಪಲಿ ಬಿಟ್ಟು ನೆಟ್ಟಗೆ ಬಚ್ಚಲಿಗೆ ಹೋಗುತ್ತೇನೆ. ಸ್ನಾನವಾಗಿ, ಅಂಗಿ ನೆನೆಹಾಕಿದ ಮೇಲೆಯೇ ಉಳಿದ ಮಾತು. ಅಂದು ಬಚ್ಚಲ ತನಕ ನಡೆಯುವ ತ್ರಾಣವಿರಲಿಲ್ಲ. ನಡುಮನೆಯ ನೆಲದ ಮೇಲೆ ಕಾಲು ಚಾಚಿ ಬಿದ್ದುಕೊಂಡೆ. ಕಣ್ಣು ಹತ್ತಿತು.

ಎಚ್ಚರವಾದಾಗ ಹೊಟ್ಟೆಯ ಮೇಲೆ ಏನೋ ಭಾರ. ನಾಯಿಯ ತಲೆ! ಮೂಗನ್ನು ನನ್ನ ಕಂಕುಳಿಗೆ ತುರುಕಿಕೊಂಡು ಗೊರಕೆ ಹೊಡೆಯುತ್ತಿತ್ತು.

ಅಂದು ಯಜಮಾನರಿಗೆ ವಾರದ ರಜೆ. ಅಡುಗೆಮನೆಯ ಬಾಗಿಲಲ್ಲಿ ಲೋಟ ಹಿಡಿದು ನಿಂತೇ ಇದ್ದರು.

“ಏನೇ ಇದು, ಕೊನೆಗೂ ಸೀಟ್ ಹಿಡಿದುಬಿಟ್ನಲ್ಲೇ ಇವನು!”

“ಶ್! ಸುಮ್ನಿರಿ, ಎದ್ದುಬಿಡತ್ತೆ.”

“ಏನು ಮಾಡಿದೆ ಇವತ್ತು?”

“ಏನೂ ಇಲ್ಲ ರೀ. ಸ್ನಾನ ಕೂಡ ಮಾಡಿಲ್ಲ, ಗಬ್ಬು ನಾರ್ತಿದೀನಿ.”

ಅವರು ಲೋಟ ಕೆಳಗಿಟ್ಟರು. ಆಮೇಲೆ ಹೋಗಿ ನಾಯಿಯ ಹಾಸಿಗೆಯ ಮೇಲಿನ ಅಂಗಿಯನ್ನು ಎತ್ತಿ ಮೂಸಿದರು. ಮತ್ತೊಮ್ಮೆ ಮೂಸಿದರು.

“ಇದು ಒಗೆದಿದ್ದಾ?”

“ಮತ್ತೆ? ಒಗೆದು, ಔಷಧಿ ನೀರಲ್ಲಿ ಅದ್ದಿ, ಇಸ್ತ್ರಿ ಮಾಡೇ ಹಾಕಿದೀನಿ.”

“ದಿನಾನಾ?”

“ದಿನಾ. ನಾಯಿ ಅಂತ ಕೊಳೆ ಬಟ್ಟೆ ಹಾಸೋಕಾಗತ್ತಾ?”

ಅವರು ಗೋಡೆಗೆ ಒರಗಿ ಕೂತೇಬಿಟ್ಟರು. “ಅಯ್ಯೋ ಪುಣ್ಯಾತ್ಗಿತ್ತಿ! ಆ ಹೆಂಗಸು ನಿನ್ನ ವಾಸನೆ ಬೇಕು ಅಂದ್ಲಲ್ಲೇ! ನೀನು ಇದಕ್ಕೆ ಆಸ್ಪತ್ರೆ ವಾರ್ಡು ಹಾಸಿಕೊಟ್ಟಿದೀಯ!”

ಅವರು ನಕ್ಕರು. ನನಗೆ ನಗು ಬರಲಿಲ್ಲ. ಹದಿನೆಂಟು ವರ್ಷ ಈ ಕೈಗಳು ಮಾಡಿರುವುದು ಅದೊಂದೇ, ಬಟ್ಟೆಯಿಂದ ಮನುಷ್ಯರ ವಾಸನೆ ತೆಗೆಯುವುದು. ಅಂಗಿ ಹಾಸಿ ಎಂದರೆ ಒಗೆದ ಅಂಗಿ ಎಂದೇ ಕೈ ತಿಳಿದುಕೊಂಡಿತ್ತು, ನನ್ನನ್ನು ಕೇಳಲೂ ಇಲ್ಲ. ಒಂಬತ್ತು ದಿನ ಆ ಪ್ರಾಣಿ ಮನೆಯಲ್ಲಿ ಯಾರೂ ಇಲ್ಲವೆಂದು ಕೂಗಿದೆ. ಅದರ ಮೂಗಿನ ಮಟ್ಟಿಗೆ ನಿಜವಾಗಿಯೂ ಯಾರೂ ಇರಲಿಲ್ಲ.

ಶನಿವಾರ ಬೆಳಿಗ್ಗೆ ಆ ಬೆವರಿನ ಅಂಗಿಯನ್ನೇ ಹಾಸಿಗೆಯ ಮೇಲೆ ಹಾಕಿದೆ. ಕೈ ಎರಡು ಸಲ ಹಿಂದಕ್ಕೆಳೆಯಿತು. ಯಾರಾದರೂ ಬಂದು ನೋಡಿದರೆ ಏನೆಂದುಕೊಂಡಾರು! ಬಾಗಿಲು ಹಾಕಿಕೊಂಡು ಕೆಲಸಕ್ಕೆ ಓಡಿದೆ.

ಮೂರಕ್ಕೆ ಬಂದಾಗ ಮೇಷ್ಟ್ರು ಗೇಟಿನಲ್ಲೇ ನಿಂತಿದ್ದರು.

“ಏನಮ್ಮ ಮಾಡಿದ್ರಿ ಅದಕ್ಕೆ?”

“ಯಾಕೆ ಮೇಷ್ಟ್ರೇ?”

“ಎರಡಾಗೋಕೆ ಹತ್ತು ನಿಮಿಷ ಇರೋ ತನಕ ಕೂಗ್ತು. ಆಮೇಲೆ ಒಮ್ಮೆಲೇ ನಿಲ್ತು. ಊಟ ಬಿಟ್ಟು ಕಿವಿಗೊಟ್ಟು ಕೂತೆ. ಸತ್ತೇಹೋಯ್ತೇನೋ ಅಂತ ಜೀವ ಬಾಯಿಗೆ ಬಂತು. ಮೇಲೆ ಹತ್ತಿ ಕಿಟಕೀಲಿ ಇಣುಕಿದೆ.”

“ಇಣುಕಿದ್ರಾ?”

“ಮಲಗಿತ್ತು. ಹಾಸಿಗೆ ಮೇಲೇ ಮಲಗಿತ್ತು.” ಅವರು ಗೇಟಿನ ಚಿಲಕವನ್ನು ಸುಮ್ಮನೆ ಹಾಕಿ ತೆಗೆದರು. “ಎರಡು ಗಂಟೆಗೆ ಮುಂಚೆ ಎಷ್ಟಾದ್ರೂ ಕೂಗ್ಕೊಳ್ಳಲಿ ಬಿಡಿ. ಆಗ ನನ್ನ ಊಟದ ಹೊತ್ತು.”

“ಹಾಗಾದ್ರೆ ಭಾನುವಾರ...”

“ಭಾನುವಾರ ನಂಗೆ ಪಾಠ ಇಲ್ಲ,” ಎಂದು ಒಳಗೆ ಹೋದರು.

ಮೆಟ್ಟಿಲು ಹತ್ತಿ ಬಾಗಿಲು ತೆರೆದೆ. ನಾಯಿ ಏಳಲಿಲ್ಲ. ಒಂದು ಕಣ್ಣು ತೆರೆದು, ಇವಳೇ ತಾನೇ ಎಂಬಂತೆ ನೋಡಿ, ಮುಚ್ಚಿಕೊಂಡಿತು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡಕ್ಕೂ ಮೈಯಲ್ಲಿ ಶಕ್ತಿ ಇರಲಿಲ್ಲ. ಬಚ್ಚಲಿಗೆ ಹೋಗಿ, ತೊಟ್ಟಿದ್ದ ಅಂಗಿಯನ್ನು ಕಳಚಿ, ಅಭ್ಯಾಸಬಲದಿಂದ ಬಕೆಟ್ಟಿನ ನೀರಿನ ತನಕ ಒಯ್ದೆ. ಮತ್ತೆ ಮೇಲಕ್ಕೆತ್ತಿ, ನಾಳೆ ನನಗೆ ರಜೆ, ಸೋಮವಾರಕ್ಕಿರಲಿ ಎಂದು ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದೆ.