ಬ್ಲಫ್ ಊರಿನ ಗೋಲ್‌ಕೀಪರ್

ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಥೆಲ್ಮಾ ಡ್ರಮಂಡ್ ಸಿಂಪಿ ಬಿಡಿಸುವ ಶೆಡ್ಡಿನೊಳಗೆ ಬಂದಳು. ಸಾಲಾಗಿ ನಿಂತು ಕೆಲಸ ಮಾಡುತ್ತಿದ್ದ ಹದಿನಾಲ್ಕು ಹೆಂಗಸರ ಚಾಕುಗಳೂ ಒಂದು ಕ್ಷಣ ನಿಂತುಬಿಟ್ಟವು. ಕಂಬದ ತುದಿಯ ಬಳೆಗೆ ಚೆಂಡು ಹಾಕುವ ನೆಟ್‌ಬಾಲ್ ಆಟದಲ್ಲಿ ಥೆಲ್ಮಾ ಆ ಸೀಮೆಯ ತಂಡ ಸದರ್ನ್ ಗೇಲ್ಸ್‌ನ ಕೋಚ್. ಆಡುವವರಿಗೆ ದೇಶದಲ್ಲಿ ಮೊದಲ ಸಲ ಸಂಬಳ ಕೊಟ್ಟು ನಡೆಸುತ್ತಿದ್ದ ಲೀಗ್‌ನಲ್ಲಿ, ಎಲ್ಲರಿಗಿಂತ ಕೊನೆಗೆ ಬರುತ್ತದೆ ಎಂದು ಪತ್ರಿಕೆಗಳು ಬರೆದಿದ್ದ ಆ ತಂಡ ಸೆಮಿಫೈನಲ್ ತಲುಪಿ ಕೂತಿತ್ತು. ಶನಿವಾರ ಮಧ್ಯಾಹ್ನ ಇನ್ವರ್ಕಾರ್ಗಿಲ್‌ನಲ್ಲಿ, ತಮ್ಮದೇ ಅಂಗಳದಲ್ಲಿ ಪಂದ್ಯ. ಇಂಥ ವಾರದಲ್ಲಿ ಕೋಚ್ ಅರ್ಧ ಗಂಟೆ ಕಾರು ಓಡಿಸಿಕೊಂಡು ಬ್ಲಫ್‌ಗೆ ಬಂದಿರುವುದು ಸಿಂಪಿ ತಿನ್ನಲು ಅಲ್ಲ ಎಂದು ಎಲ್ಲರಿಗೂ ಗೊತ್ತಾಯಿತು.

ಥೆಲ್ಮಾ ನೇರವಾಗಿ ಸಾಲಿನಲ್ಲಿದ್ದ ಮೆರಿಯಾನಳ ಹತ್ತಿರ ಹೋದಳು. "ನಮ್ಮ ಗೋಲ್‌ಕೀಪರ್ ಇವತ್ತು ಬೆಳಿಗ್ಗೆ ಹಿಮ ಕಟ್ಟಿದ ಮೆಟ್ಟಿಲ ಮೇಲೆ ಜಾರಿ ಮುಂಗೈ ಮುರ್ಕೊಂಡ್ಳು. ನಿನ್ನ ಹೆಸರು ಮೀಸಲು ಪಟ್ಟಿಲಿದೆ."

"ಇದೆ. ಹನ್ನೊಂದನೇದು," ಎಂದಳು ಮೆರಿಯಾನ.

"ಮಿಕ್ಕ ಹತ್ತು ಜನಕ್ಕೆ ವೈಮರೀ ಜೊತೆ ಆಡಿ ಗೊತ್ತಿಲ್ವಲ್ಲಮ್ಮ!"

ವೈಮರೀ ಮೆರಿಯಾನಳ ತಂಗಿ. ಲೀಗ್ ಶುರುವಾಗುವ ಸುದ್ದಿ ಬಂದೊಡನೆ ಆಕ್ಲೆಂಡಿನ ಹಾರ್ಬರ್ ಕ್ವೀನ್ಸ್ ತಂಡ ಅವಳನ್ನು ಕರೆಸಿಕೊಂಡಿತ್ತು. ಆರಡಿ ಎರಡಂಗುಲ, ಇಪ್ಪತ್ತೆರಡು ವರ್ಷ. ಆ ಋತುವಿನಲ್ಲಿ ಇಡೀ ದೇಶದಲ್ಲಿ ಅವಳಷ್ಟು ಗೋಲು ಹಾಕಿದವರು ಇನ್ನೊಬ್ಬರಿರಲಿಲ್ಲ. ಶನಿವಾರ ಎದುರಾಳಿ ಅದೇ ಕ್ವೀನ್ಸ್.

ಮೆರಿಯಾನಳಿಗೆ ಮೂವತ್ತಮೂರು. ಶನಿವಾರ ಶನಿವಾರ ಊರಿನ ಕ್ಲಬ್ಬಿಗೆ ಆಡುತ್ತಿದ್ದಳು, ಆಡಿದ ಮಾರನೆಯ ದಿನ ಮೊಣಕಾಲಿಗೆ ಬಿಸಿನೀರಿನ ಚೀಲ ಕಟ್ಟಿಕೊಂಡು ಕೂರುತ್ತಿದ್ದಳು. ಯೋಚಿಸಿ ಹೇಳುತ್ತೇನೆ ಅನ್ನಬೇಕೆಂದು ಬಾಯಿ ತೆರೆದಳು. ಬಾಯಿಂದ ಬಂದದ್ದು ಬೇರೆಯೇ. "ಪ್ರಾಕ್ಟೀಸ್ ಎಷ್ಟೊತ್ತಿಗೆ?"

ಶೆಡ್ಡೇ ಕೂಗಿಕೊಂಡಿತು. ಪಕ್ಕದಲ್ಲಿದ್ದ ಮುದುಕಿ ಚಿಪ್ಪಿನಿಂದ ಬಕೆಟ್ ಬಡಿಯತೊಡಗಿದಳು. "ತಂಗಿ ಅಂತ ನೋಡ್ಬೇಡ ಕಣೇ! ಬಿಡಬೇಡ ಅವಳನ್ನ!" ಎಂದು ಯಾರೋ ಅರಚಿದರು. ಮೇಸ್ತ್ರಿ ಹೊರಗಿನಿಂದ ಓಡಿ ಬಂದು, ಯಾರು ಕೈ ಕೊಯ್ದುಕೊಂಡರು ಎಂದು ಗಾಬರಿಯಿಂದ ಕೇಳಿದ.

ಸುದ್ದಿ ಆಕ್ಲೆಂಡಿಗೆ ಮುಟ್ಟಲು ಎರಡು ಗಂಟೆಯೂ ಬೇಕಾಗಲಿಲ್ಲ. ಸಂಜೆ ಫೋನು ಬಂತು.

"ಅಕ್ಕಾ, ನಿಜಾನಾ? ಮೊಣಕಾಲಿಗೆ ಎಣ್ಣೆ ಬಿಟ್ಕೊಂಡು ಬಾ. ಕಿರ್ ಕಿರ್ ಅಂದ್ರೆ ನಂಗೆ ನಗು ಬಂದ್ಬಿಡುತ್ತೆ."

"ನಗು. ನಗೋವಾಗ ನಿನ್ನ ಚೆಂಡು ಎಲ್ಲಿಗೆ ಹೋಗುತ್ತೆ ಅಂತ ಹಿತ್ತಲಲ್ಲಿ ನಾನು ಎಷ್ಟು ಸಲ ನೋಡಿಲ್ಲ!"

"ಅದು ಹಳೇ ವೈಮರೀ."

"ನಿಂಗೆ ಶೂ ದಾರ ಕಟ್ಟೋಕೆ ಹೇಳ್ಕೊಟ್ಟೋಳು ನಾನು. ಹಳೇದೇನು, ಹೊಸದೇನು!"

ನಕ್ಕು ಫೋನಿಟ್ಟ ಮೇಲೆ ಮೆರಿಯಾನಳಿಗೆ ಒಂದು ವಿಷಯ ನೆನಪಾಯಿತು. ತಂಗಿ ಚೆಂಡೆಸೆಯುವ ಮೊದಲು ನಾಲಿಗೆಯನ್ನು ತುಟಿಯ ಎಡ ಮೂಲೆಗೆ ಒತ್ತುತ್ತಾಳೆ. ನಾಲಿಗೆ ಕಂಡೊಡನೆ ಜಿಗಿದರೆ ಚೆಂಡು ಬೆರಳಿಗೆ ಸಿಗುತ್ತದೆ. ಈ ಗುಟ್ಟು ಮನೆಯವರನ್ನು ಬಿಟ್ಟರೆ ಯಾರಿಗೂ ತಿಳಿಯದು. ಅದನ್ನು ತಂಗಿಯ ವಿರುದ್ಧವೇ ಬಳಸುವುದು ಸರಿಯೇ? ಒಲೆಯ ಮುಂದೆ ನಿಂತಿದ್ದ ತಾಯಿ ರೋಯ್ಮತಳನ್ನು ಕೇಳಿಯೇ ಬಿಟ್ಟಳು.

"ಅಂಗಳಕ್ಕೆ ಇಳಿದ ಮೇಲೆ ಅಕ್ಕ ಯಾರು, ತಂಗಿ ಯಾರು? ನಾನು ನಿಮ್ಮ ದೊಡ್ಡಮ್ಮನ ಎದುರಿಗೇ ಆಡಿದೋಳು," ಎಂದಳು ರೋಯ್ಮತ. "ಆಗ ಒಂದು ಕಡೆಗೆ ಒಂಬತ್ತು ಜನ. ಆಟಕ್ಕೆ ಬ್ಯಾಸ್ಕೆಟ್‌ಬಾಲ್ ಅಂತಿದ್ವಿ. ಕೇಕ್ ಮಾರಿ, ದುಡ್ಡು ಕೂಡಿಸಿ, ಹಡಗಲ್ಲಿ ವೆಲಿಂಗ್ಟನ್‌ಗೆ ಹೋಗ್ತಿದ್ವಿ. ದಾರಿ ಉದ್ದಕ್ಕೂ ವಾಂತಿ. ಚರ್ಚ್ ಹಾಲಿನ ನೆಲದ ಮೇಲೆ ಮಲಗಿ, ಎದ್ದು ಮಳೇಲಿ ಆಡೋದು. ಲಂಗ ನೆನೆದು ಕಾಲಿಗೆ ಸುತ್ಕೊಳ್ತಿತ್ತು. ನೋಡೋಕೆ ಬರ್ತಿದ್ದಿದ್ದು ಪಾದ್ರಿ ಒಬ್ರೇ, ಪಾಪ. ಈಗ ನಿಮ್ಮನ್ನ ನೋಡೋಕೆ ಜನ ಟಿಕೆಟ್ ತಗೊಳ್ತಾರೆ! ಅಂಥಾ ಕಡೆ ಅರೆಮನಸ್ಸಲ್ಲಿ ಆಡಿದ್ಯೋ, ನಾನೇ ಇಳಿದು ಬಂದು ಕಿವಿ ಹಿಂಡ್ತೀನಿ."

"ನೀನು ಯಾರ ಕಡೆ ಅಮ್ಮ?"

"ನಾನು ಅಂಪೈರ್ ಕಡೆ," ಎಂದು ಅವಳು ಸೂಪು ಕಲಕಿದಳು.

ಗುರುವಾರ ಟಿಕೆಟ್ ಮಾರಾಟ. ಪ್ರಾಕ್ಟೀಸಿಗೆಂದು ಹೋದ ಮೆರಿಯಾನ ಕ್ರೀಡಾಂಗಣದ ಸುತ್ತ ನಿಂತ ಸಾಲನ್ನು ನೋಡಿ ಕಾರು ನಿಲ್ಲಿಸಿಬಿಟ್ಟಳು. ಗಂಬೂಟು ತೊಟ್ಟ ಕುರಿ ಸಾಕಣೆಯವರು, ಕಂಬಳಿ ಹೊದ್ದ ಅಜ್ಜಿಯರು, ಸಮವಸ್ತ್ರದಲ್ಲೇ ಬಂದಿದ್ದ ನರ್ಸುಗಳು. ಫ್ಲಾಸ್ಕಿನ ಚಹಾ ಕೈಯಿಂದ ಕೈಗೆ ಹೋಗುತ್ತಿತ್ತು, ಯಾರೋ ಬಿಸಿ ಚೀಸ್ ರೋಲ್ ಹಂಚುತ್ತಿದ್ದರು. ರಗ್ಬಿಗೆ ಮಾತ್ರ ಹೀಗೆ ಸೇರುವ ಊರು ಇದು. ಹೆಂಗಸರ ಆಟಕ್ಕೆ ಇಷ್ಟು ಜನ! ಅವಳಿಗೆ ಮೈ ಜುಂ ಎಂದಿತು.

ಶನಿವಾರ ಬಂತು. ಮೆರಿಯಾನ ಗೋಲ್‌ಕೀಪರಿನ ಅಕ್ಷರಗಳಿದ್ದ ಪಟ್ಟಿಯನ್ನು ಎದೆಗೆ ಕಟ್ಟಿಕೊಂಡು ಸುರಂಗದಂಥ ದಾರಿಯಿಂದ ಹೊರಬಂದಾಗ ಸದ್ದು ಗೋಡೆಯ ಹಾಗೆ ಎದುರಿಗೆ ಬಂತು. ಗೇಲ್ಸ್‌ನ ನೀಲಿ ಬಣ್ಣ ಬಳಿದುಕೊಂಡ ಮುಖಗಳು, ಬಡಿಯುವ ಪಾತ್ರೆಗಳು, ಕುರಿಗಳ ಕೊರಳಿನ ಗಂಟೆಗಳು. ಎದುರಿನಿಂದ ವೈಮರೀ ಬಂದು ಪಕ್ಕದಲ್ಲಿ ನಿಂತಳು. ಮುಂದೆ ನೋಡುತ್ತಲೇ ಮೆಲ್ಲಗೆ, "ಚೆನ್ನಾಗಿ ಕಾಣ್ತಿದ್ದೀಯ ಅಕ್ಕಾ. ಅಮ್ಮನ ಥರಾನೇ," ಎಂದಳು.

"ಮುಚ್ಚೇ ಬಾಯಿ."

ಸೀಟಿ ಕೂಗಿತು. ಮೊದಲ ಚೆಂಡು ವೈಮರೀಯ ಕೈ ಸೇರಿತು. ಮೆರಿಯಾನ ನಿಯಮದಂತೆ ಮೂರಡಿ ಹಿಂದೆ ಸರಿದು, ಕೈ ಮೇಲೆತ್ತಿ, ತಂಗಿಯ ತುಟಿಯನ್ನೇ ನೋಡುತ್ತ ನಿಂತಳು. ನಾಲಿಗೆ ಕಾಣಲೇ ಇಲ್ಲ. ಚೆಂಡು ಆಗಲೇ ಬಳೆಯೊಳಗೆ ಇಳಿದು ಬಲೆ ಅಲ್ಲಾಡುತ್ತಿತ್ತು.

"ಏನು ಹುಡುಕ್ತಿದ್ದೀಯ? ನಾಲಿಗೆನಾ?" ವೈಮರೀ ಕಿಸಕ್ಕನೆ ನಕ್ಕಳು. "ಆಕ್ಲೆಂಡ್ ಕೋಚ್ ಮೂರು ತಿಂಗಳು ಬಾಯಲ್ಲಿ ಅಂಗಿ ಗುಂಡಿ ಕಚ್ಚಿಸಿ ಎಸೆಸಿದ್ರು. ಬಿಟ್ಟೋಯ್ತು."

ಮೆರಿಯಾನಳ ಕೈಲಿದ್ದ ಒಂದೇ ಆಯುಧ ಹೀಗೆ ಮೊದಲ ನಿಮಿಷದಲ್ಲೇ ಹೋಯಿತು. ಆಮೇಲಿನದು ಬರೀ ಗೋಳು. ಅವಸರಪಟ್ಟು ಜಿಗಿದಳು, ತಂಗಿಯ ಕೈಗೆ ತಾಗಿದಳು; ಅಂಪೈರ್ ಮೂರು ಸಲ ದಂಡ ಹಾಕಿದರು. ಮೊದಲ ಕಾಲುಭಾಗ ಮುಗಿದಾಗ ಕ್ವೀನ್ಸ್ ಹದಿನಾರು, ಗೇಲ್ಸ್ ಹತ್ತು. ಅರ್ಧ ಆಟಕ್ಕೆ ಇಪ್ಪತ್ತೊಂಬತ್ತು–ಇಪ್ಪತ್ತಮೂರು. ವೈಮರೀ ಎಸೆದ ಚೆಂಡು ಒಂದೂ ತಪ್ಪಿರಲಿಲ್ಲ.

ವಿರಾಮದಲ್ಲಿ ಮೆರಿಯಾನ ಬೆಂಚಿನ ಮೇಲೆ ಕುಸಿದಳು. "ನನ್ನನ್ನ ಕೂರಿಸ್ಬಿಡಿ ಮಿಸೆಸ್ ಡ್ರಮಂಡ್. ಅವಳನ್ನ ತಡೆಯೋಕೆ ನನ್ನ ಕೈಲಾಗಲ್ಲ."

ಥೆಲ್ಮಾ ಅವಳ ಮುಂದೆ ಮಂಡಿಯೂರಿ ಕೂತಳು. "ಯಾರ ಕೈಲೂ ಆಗಲ್ಲ ಕಣಮ್ಮ. ಚೆಂಡು ಕೈಗೆ ಹೋದ್ಮೇಲೆ ಅವಳು ಹಾಕೇ ಹಾಕ್ತಾಳೆ. ಅದು ಬಿಡು. ಕೈಗೇ ಹೋಗದ ಹಾಗೆ ಮಾಡು. ಇಷ್ಟೊತ್ತೂ ತಂಗಿ ಮುಖ ನೋಡ್ತಾ ನಿಂತಿದ್ದೆ. ಈಗ ಅವಳಿಗೆ ಬೆನ್ನು ಹಾಕು. ಮುಂದೆ ನಿಂತ್ಕೋ."

"ತಲೆ ಮೇಲಿಂದ ಎಸೀತಾರೆ."

"ಎಸೀಲಿ. ಐದು ಸಲ ಎಸೀತಾರೆ, ಆರನೇದು ನಿಂಗೆ ಸಿಗುತ್ತೆ."

ಲೆಕ್ಕ ಹೆಚ್ಚುಕಡಿಮೆ ಹಾಗೆಯೇ ಆಯಿತು. ಮೆರಿಯಾನ ತಂಗಿಗೆ ಬೆನ್ನು ಕೊಟ್ಟು, ಅವಳಿಗೆ ಚೆಂಡು ಕೊಡುವ ಕ್ವೀನ್ಸ್‌ನ ಗಿಡ್ಡ ಹುಡುಗಿಯ ಕಣ್ಣನ್ನೇ ನೋಡುತ್ತ ನಿಂತಳು. ಎರಡು ಸಲ ಚೆಂಡು ತಲೆಯ ಮೇಲಿಂದ ಹಾರಿ ಹೋಯಿತು, ಎರಡು ಸಲವೂ ಗೋಲು. ಮೂರನೆಯದಕ್ಕೆ ಬೆರಳ ತುದಿ ತಗುಲಿತು. ನಾಲ್ಕನೆಯದನ್ನು ಎರಡೂ ಕೈಯಲ್ಲಿ ಬಾಚಿ ಹಿಡಿದಳು! ಜನ ಎದ್ದು ನಿಂತರು. ಗಿಡ್ಡ ಹುಡುಗಿಗೆ ಅನುಮಾನ ಹುಟ್ಟಿತು. ಎಸೆಯಲೋ ಬೇಡವೋ ಎಂದು ತಡೆದಳು, ಚೆಂಡು ಹಿಡಿದಿರಬಹುದಾದ ಮೂರು ಸೆಕೆಂಡ್ ಮೀರಿತು, ಸೀಟಿ. ಚೆಂಡು ಗೇಲ್ಸ್‌ನದು.

"ಮುಂದೆ ಬಂದು ನಿಂತ್ಕೋತೀಯ? ಕಳ್ಳಿ!" ಬೆನ್ನ ಹಿಂದಿನಿಂದ ವೈಮರೀಯ ಏದುಸಿರು.

"ದಾರಿ ಬೇಕಾದ್ರೆ ಕೇಳು, ಕೊಡ್ತೀನಿ."

"ಕೊಡು!"

"ಆಟ ಮುಗೀಲಿ."

ಮೂರನೆಯ ಕಾಲುಭಾಗದ ಕೊನೆಗೆ ನಲವತ್ತೊಂದು–ಮೂವತ್ತೆಂಟು. ಮೆರಿಯಾನಳ ಮೊಣಕಾಲು ಉರಿಯುತ್ತಿತ್ತು, ಅಂಗಿ ಹಿಂಡಿದರೆ ನೀರು ಬರುವಂತಿತ್ತು. ಆದರೂ ಕೂರಬೇಕೆಂದು ಅನಿಸಲಿಲ್ಲ. ಈ ಸದ್ದಿನೊಳಗೆ ಹೀಗೇ ಓಡುತ್ತಿದ್ದರೆ ಸಾಕು, ಶನಿವಾರ ಮುಗಿಯುವುದೇ ಬೇಡ ಅನಿಸಿತು.

ಕೊನೆಯ ಹದಿನೈದು ನಿಮಿಷದಲ್ಲಿ ಗೇಲ್ಸ್ ಒಂದೊಂದಾಗಿ ಹತ್ತಿ ಬಂದು ಸಮ ಮಾಡಿತು. ಐವತ್ತೊಂದು–ಐವತ್ತೊಂದು. ಒಂದು ನಿಮಿಷ ಬಾಕಿ. ಗೇಲ್ಸ್‌ನ ಗೋಲ್ ಶೂಟರ್ ಐಲ್ಸಾ ಪ್ರಾಥಮಿಕ ಶಾಲೆಯ ಮೇಡಂ. ಅವಳ ದೂರದ ಎಸೆತ ಬಳೆಯ ಅಂಚಿಗೆ ಬಡಿದು ಹೊರಗೆ ಚಿಮ್ಮಿತು. ಅದು ಸಿಕ್ಕಿದ್ದು ಕ್ವೀನ್ಸ್‌ಗೆ. ಅವರಿಗೆ ಆತುರವಿರಲಿಲ್ಲ. ಕೊನೆಯ ಗೋಲು ತಮ್ಮದೇ ಆಗಲೆಂದು ಚೆಂಡನ್ನು ಹಿಂದೆ ಮುಂದೆ ಆಡಿಸುತ್ತ ನಿಧಾನವಾಗಿ ತಂದರು. ಇಪ್ಪತ್ತು ಸೆಕೆಂಡ್. ಹದಿನಾರು. ಗಿಡ್ಡ ಹುಡುಗಿ ಗೋಲ್ ಕಂಬದ ಮುಂದಿನ ಅರ್ಧವೃತ್ತದ ಅಂಚಿಗೆ ಬಂದು ಚೆಂಡು ಹಿಡಿದಳು.

ಮೆರಿಯಾನಳಿಗೆ ಬೆನ್ನ ಹಿಂದೆ ತಂಗಿಯ ಶೂ ಕಿರುಗುಟ್ಟಿದ ಸದ್ದು ಕೇಳಿಸಿತು. ಬಲಕ್ಕೆ ಹೆಜ್ಜೆಯಿಟ್ಟು ಎಡಕ್ಕೆ ತಿರುಗುವ ಆ ಕುಣಿತವನ್ನು ಹಿತ್ತಲಿನಲ್ಲಿ ಕಲಿಸಿದ್ದು ತಾನೇ. ನೋಡಲಿಲ್ಲ, ಯೋಚಿಸಲಿಲ್ಲ. ಚೆಂಡು ಹುಡುಗಿಯ ಕೈ ಬಿಡುವಾಗಲೇ ಎಡಕ್ಕೆ ತಿರುಗಿ, ಹಿಂದಕ್ಕೆ, ಮೇಲಕ್ಕೆ ಹಾರಿದಳು. ನಡುಬೆರಳು ತಾಕಿತು. ಚೆಂಡು ದಿಕ್ಕು ತಪ್ಪಿ ಗೆರೆಯ ಕಡೆಗೆ ಹೊರಟಿತು. ಹೊರಗೆ ಬಿದ್ದರೆ ಮತ್ತೆ ಕ್ವೀನ್ಸ್‌ನದೇ. ಮೆರಿಯಾನ ಅದರ ಹಿಂದೆ ಅಡ್ಡಡ್ಡ ಹಾರಿ, ಗಾಳಿಯಲ್ಲೇ ಅದನ್ನು ಒಳಕ್ಕೆ, ತಮ್ಮವರತ್ತ ತಳ್ಳಿ, ಗೆರೆಯಾಚೆ ಫೋಟೊ ತೆಗೆಯುವವನ ಕಾಲ ಮೇಲೆ ದೊಪ್ಪನೆ ಬಿದ್ದಳು.

ಬಿದ್ದಲ್ಲಿಂದ ಕಂಡದ್ದು ಬರೀ ಕಾಲುಗಳು. ನೀಲಿ ಶೂಗಳು ಓಡುತ್ತಿದ್ದವು. ಒಂದು ಪಾಸ್, ಎರಡು, ಮೂರು. "ಐಲ್ಸಾ! ಐಲ್ಸಾ!" ಎಂದು ಇಡೀ ಊರು ಕೂಗುತ್ತಿತ್ತು. ಐಲ್ಸಾ ಬಳೆಯ ಕೆಳಗೆ ಚೆಂಡು ಹಿಡಿದು, ಎತ್ತಿ, ಬಿಟ್ಟಳು. ಆಮೇಲೆ ಸೀಟಿ ಕೂಗಿತು. ಚೆಂಡು ಬಲೆಯೊಳಗಿಂದ ಬಿದ್ದು ಪುಟಿದದ್ದನ್ನು ಮೆರಿಯಾನ ನೋಡಲಿಲ್ಲ. ಫೋಟೊದವನು ತನ್ನ ಕ್ಯಾಮೆರಾ ಮರೆತು ಅವಳನ್ನೇ ತಬ್ಬಿಕೊಂಡಾಗ ಗೆದ್ದದ್ದು ತಿಳಿಯಿತು.

ಹುಡುಗಿಯರು ಅವಳನ್ನು ಎಳೆದೆಬ್ಬಿಸಿದರು, ತಲೆಗೂದಲು ಕೆದರಿದರು, ಹೊತ್ತುಕೊಳ್ಳಲು ನೋಡಿ ಎಲ್ಲರೂ ಒಟ್ಟಿಗೆ ಬಿದ್ದರು. ಥೆಲ್ಮಾ ಅಳುತ್ತ ಯಾರಿಗೋ ಬೈಯುತ್ತಿದ್ದಳು. ಆ ಗದ್ದಲದ ನಡುವೆ ಮೆರಿಯಾನ ತಾಯಿಯನ್ನು ಕಂಡಳು. ತಡೆಯಲು ಬಂದ ಕಾವಲಿನವನನ್ನು ರೋಯ್ಮತ ಮೊಣಕೈಯಿಂದ ಪಕ್ಕಕ್ಕೆ ಸರಿಸಿ ಅಂಗಳಕ್ಕೆ ಇಳಿದಿದ್ದಳು. ಇಳಿದವಳು ನೇರವಾಗಿ ಹೋದದ್ದು, ಗೋಲ್ ಕಂಬಕ್ಕೆ ಹಣೆಯೊತ್ತಿ ನಿಂತಿದ್ದ ವೈಮರೀಯ ಕಡೆಗೆ.

ಮೆರಿಯಾನಳಿಗೆ ಚುಚ್ಚಿದಂತಾಗಲಿಲ್ಲ. ತಾನೂ ಕುಂಟುತ್ತ ಅಲ್ಲಿಗೇ ಹೋದಳು. ವೈಮರೀ ಮುಖ ತಿರುಗಿಸಿಕೊಂಡಳು. "ಮಾತಾಡಿಸ್ಬೇಡ ನನ್ನ. ಹತ್ತು ನಿಮಿಷ ಮಾತಾಡಿಸ್ಬೇಡ."

"ಸರಿ."

ಒಂದು ನಿಮಿಷವೂ ಕಳೆದಿರಲಿಕ್ಕಿಲ್ಲ. "ಎಡಕ್ಕೇ ಬರ್ತೀನಿ ಅಂತ ಹೆಂಗೆ ಗೊತ್ತಾಯ್ತು?"

"ಹೇಳಲ್ಲ. ಇನ್ನೊಂದ್ಸಲ ಎದುರಿಗೆ ಆಡ್ಬೇಕಲ್ಲ."

"ಇನ್ನೊಂದ್ಸಲನಾ? ಮುದುಕಿ, ಮುಂದಿನ ವರ್ಷಾನೂ ಆಡ್ತೀಯಾ?"

"ಆಡ್ತೀನಿ," ಎಂದಳು ಮೆರಿಯಾನ. ಹೇಳಿದ ಮೇಲೆಯೇ ಅದು ನಿಜವೆಂದು ಅವಳಿಗೂ ಗೊತ್ತಾದದ್ದು. ವೈಮರೀ ಕಣ್ಣೊರೆಸಿಕೊಂಡು, ಅಕ್ಕನ ಬೆವರಿನ ತೋಳಿಗೆ ಒಂದು ಗುದ್ದು ಕೊಟ್ಟಳು. "ಫೈನಲ್‌ನಲ್ಲಿ ಸೋತ್ರೆ ಮಾತ್ರ ನಿನ್ನ ಮುಖ ನೋಡಲ್ಲ."

ಮುಂದಿನ ಶನಿವಾರ ಫೈನಲ್ ಅದೇ ಅಂಗಳದಲ್ಲಿ. ಎದುರಿಗೆ ವೈಕಾಟೊ ಸೀಮೆಯ ತಂಡ. ವೈಮರೀ ಆಕ್ಲೆಂಡಿನಿಂದ ವಿಮಾನ ಹತ್ತಿ ಬಂದು ತಾಯಿಯ ಪಕ್ಕದಲ್ಲಿ ಕೂತಿದ್ದಳು; ಕೂತಿದ್ದಳು ಎನ್ನುವುದಕ್ಕಿಂತ ಬೆಂಚಿನ ಮೇಲೆ ಹತ್ತಿ ನಿಂತಿದ್ದಳು. ಕೆನ್ನೆಗೆ ಬಳಿದ ನೀಲಿ ಬಣ್ಣ ಗಲ್ಲದವರೆಗೆ ಇಳಿದಿತ್ತು. ಮೂರು ಗೋಲು ಮುಂದಿದ್ದ ಗೇಲ್ಸ್ ಕೊನೆಯ ಎರಡು ನಿಮಿಷ ಉಸಿರು ಹಿಡಿದು ಆಡುತ್ತಿದ್ದಾಗ, ನಾಲ್ಕು ಸಾವಿರ ಜನರ ಗದ್ದಲವನ್ನು ಸೀಳಿಕೊಂಡು ಅವಳ ದನಿ ಅಂಗಳಕ್ಕೆ ಬಂತು:

"ಬೆನ್ನು ಹಾಕೇ ಅಕ್ಕಾ! ಅವಳ ಮುಖ ಏನ್ ನೋಡ್ತೀಯಾ, ಮುಂದೆ ನಿಂತ್ಕೋ!"

ಮೆರಿಯಾನ ಗಟ್ಟಿಯಾಗಿ ನಕ್ಕು, ಮುಂದೆ ಬಂದು ನಿಂತಳು.